ಹುಂಜ ಹೋದ ಮೇಲಿನ ತತ್ತಿಗಳು

ಪೂನಮ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲಲ್ಲಿ ಕೋಳಿ ಕಿರುಚಿತು. ಕಾವಿಗೆ ಕೂತ ಕೋಳಿ ಸುಮ್ಮನೆ ಬಾಯಿ ಮಾಡುವುದಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಹಿಟ್ಟಿನ ಕೈಯಲ್ಲಿ ಓಡಿದಳು. ಅತ್ತೆ ಸೋನುಬಾಯಿ ಬುಟ್ಟಿಗೆ ಕೈಹಾಕಿ ತತ್ತಿಗಳನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು.

“ಏನ ಮಾಡಾಕತ್ತೀರಿ, ಅತ್ತಿ?”

“ತಿಪ್ಪಿಗಿ ಒಗಿಯಾಕತ್ತೇನಿ. ಹುಂಜ ಅಳಿಯನ ತಾಟಿನ್ಯಾಗ ಹೋಗ್ಯದ. ಗಂಡೇ ಇಲ್ಲಂದ ಮ್ಯಾಲ ತತ್ತಿನ್ಯಾಗ ಜೀವ ಎಲ್ಲಿಂದ ಬರ್ತದ? ಪಾಪ, ಇದು ಸುಮ್ಮ ಕೂತು ಸೊರಗಾಕತ್ತದ.”

ಹುಂಜ ಹೋದದ್ದು ನಿಜ. ಹುಮನಾಬಾದಿನಿಂದ ಸೋನುಬಾಯಿಯ ಅಳಿಯ ಬಂದ ದಿನ ಮನೆಯಲ್ಲಿದ್ದ ಒಂದೇ ಹುಂಜ ಸಾರಿಗೆ ಹೋಗಿತ್ತು. ಅದರ ಮರುದಿನದಿಂದ ಕೋಳಿ ಇಟ್ಟ ತತ್ತಿಗಳನ್ನು ಪೂನಮ ಕೂಡಿಟ್ಟು ಕಾವಿಗೆ ಹಾಕಿದ್ದಳು. ಆ ಹುಂಜದ ತಳಿ ಉಳಿದರೆ ಇವುಗಳಲ್ಲೇ ಉಳಿಯಬೇಕು.

“ಹುಂಜ ಹೋದ್ರೂ ಅದರ ಬೀಜ ಕೋಳಿ ಹೊಟ್ಟ್ಯಾಗ ಒಂದಿಷ್ಟು ದಿನ ಇರ್ತದ್ರಿ. ಒಂದೊಂದೇ ಬೆಳಕಿಗಿ ಹಿಡಿದು ನೋಡಿ, ಬರಿದಾದವ ಒಗಿಯೋಣ.”

“ಬಂದಳು ನೋಡು ಡಾಕ್ಟರಬಾಯಿ,” ಎಂದಳು ಸೋನುಬಾಯಿ. ಆದರೂ ಸೆರಗು ಬಿಚ್ಚಿದಳು.

ಪೂನಮ ಒಳಕೋಣೆಯ ಕಿಟಕಿಗೆ ಚಾದರ ಕಟ್ಟಿದಳು. ಮಗಳು ರೂಪಾಲಿ ಹೇಳದೆಯೇ ತತ್ತಿಯ ಬುಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಮೊನ್ನೆ ನಳದ ಹತ್ತಿರ ಓಣಿಯ ಚಂದಮ್ಮ ಅವಳನ್ನು ‘ಅಪ್ಪನ ಮಾರಿ ನೋಡಲಾರದಕಿ’ ಎಂದಿದ್ದಳು. ಅಂದಿನಿಂದ ಹುಡುಗಿ ‘ಅವ್ವಾ’ ಎಂದು ಶುರು ಮಾಡಿ ಮಾತು ನುಂಗುತ್ತಿದ್ದಳು. ಪೂನಮಳ ಗಂಡ ಸತೀಶಕುಮಾರ ಮನ್ನಾಏಖೇಳ್ಳಿ ಹತ್ತಿರ ಮೋಟರ್‌ಸೈಕಲ್ ಮೇಲಿಂದ ಬಿದ್ದು ಸತ್ತಾಗ ರೂಪಾಲಿ ಇನ್ನೂ ಹೊಟ್ಟೆಯಲ್ಲಿದ್ದಳು. ಅಪ್ಪ ಸತ್ತದ್ದು ಮಗಳಿಗೆ ಗೊತ್ತಿತ್ತು; ಅವಳು ಹುಟ್ಟುವ ಮೊದಲೇ ಸತ್ತ ಎಂಬುದನ್ನು ಪೂನಮ ಹೇಳಿರಲಿಲ್ಲ. ಅವಳಾಗಿ ಕೇಳಲಿ, ಕೇಳಿದ ದಿನ ಸುಳ್ಳು ಹೇಳುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಮೊಬೈಲಿನ ಬೆಳಕು ಹಚ್ಚಿ, ಅದರ ಮೇಲೆ ಮುಷ್ಟಿ ಇಟ್ಟು, ಮುಷ್ಟಿಯ ಬಾಯಿಗೆ ತತ್ತಿ ಕೂರಿಸಿದಳು. ತತ್ತಿಯೆಲ್ಲ ಹಳದಿಯಾಗಿ ಬೆಳಗಿತು. ಒಳಗೆ ಏನೂ ಇರಲಿಲ್ಲ. ಇನ್ನೊಂದು ಇಟ್ಟಳು. ಅದೂ ಬರಿದು.

“ನಾ ಅಂದಿಲ್ಲೇನು?” ಬಾಗಿಲಲ್ಲಿ ನಿಂತ ಸೋನುಬಾಯಿ ಅಂದಳು. “ರೊಟ್ಟಿ ಕರಕಾಗಾಕತ್ತದ, ಏಳು.”

“ಆಗಲಿರಿ. ಇನ್ನೂ ಅವ.”

ಮುಂದಿನದನ್ನು ಇಟ್ಟು ಮೆಲ್ಲಗೆ ತಿರುಗಿಸಿದಳು. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನಂಥ ಕೆಂಪು ನರಗಳು. ಉಸಿರು ಬಿಗಿಹಿಡಿದು ನೋಡಿದಳು. ಚುಕ್ಕೆ ಸಣ್ಣಗೆ ಅಲುಗಿತು.

“ಅತ್ತಿ, ಬರ್ರಿ ಇಲ್ಲಿ.”

ಸೋನುಬಾಯಿ ಮೊಣಕಾಲು ಹಿಡಿದುಕೊಂಡು ಬಗ್ಗಿದಳು. ತತ್ತಿಯ ಹತ್ತಿರ ಮುಖ ತಂದು ನೋಡಿದಳು. ಆಮೇಲೆ, “ಲಗೂನ ಒಳಗಿಡು, ಥಂಡಿ ಹತ್ತೀತು ಅದಕ್ಕ,” ಎಂದು ತಾನೇ ಎದ್ದು ರೊಟ್ಟಿ ತಿರುವಲು ಹೋದಳು.

ಬರಿದಾದವು ಒಂದು ಕಡೆ, ಜೀವವಿದ್ದವು ಬುಟ್ಟಿಗೆ. ಪೂನಮ ಒಂದನ್ನೂ ಬಿಡದೆ ನೋಡಿದಳು. ಕೊನೆಯ ತತ್ತಿಯಲ್ಲೂ ನರಗಳು ಕಂಡವು. ಅದನ್ನು ಎತ್ತಿಡಲು ಹೋದಾಗ ರೂಪಾಲಿ ಅವಳ ಮಣಿಕಟ್ಟು ಹಿಡಿದಳು.

“ಇನ್ನೊಂದ್ಸಲ ತೋರಸು.”

ಪೂನಮ ತೋರಿಸಿದಳು. ಬೆಳಕು ಹುಡುಗಿಯ ಗಲ್ಲದ ಮೇಲೆ ಬಿತ್ತು.

“ಇದು ಹುಂಜ ಸತ್ತ ಮ್ಯಾಲ ಇಟ್ಟ ತತ್ತೀನೇ?”

“ಹೂಂ.”

“ಆದರೂ ಇದು ಆ ಹುಂಜದ್ದೇ ಮರಿ.”

“ಹೌದವ್ವ. ಅದರದ್ದೇ.”

ರೂಪಾಲಿ ಕಣ್ಣು ಕೀಳದೆ ಆ ಚುಕ್ಕೆಯನ್ನು ನೋಡಿದಳು. ‘ಅವ್ವಾ’ ಎಂದು ಶುರು ಮಾಡಿದಳು. ಪೂನಮ ಅಲುಗಾಡದೆ, ಬೆಳಕು ಆರಿಸದೆ ಕೂತಳು.

“ಅವ್ವಾ, ಅಪ್ಪ ಸತ್ತಾಗ ನಾನೂ ನಿನ್ನ ಹೊಟ್ಟ್ಯಾಗ ಇಷ್ಟೇ ಇದ್ನೇನು?”