ಪಕ್ಕಕ್ಕಿಟ್ಟ ಸಾಲುಗಳು

ಕೋಟಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಹೆಚ್ಚಾದ ಬಟ್ಟೆಯನ್ನು ಕತ್ತರಿಸುತ್ತಿದ್ದ ಟೈಲರ್‌ನ ಕೈಯನ್ನು ಅವನ ತೀರಿಕೊಂಡ ಹೆಂಡತಿಯ ಅಣ್ಣ ಹಿಡಿದುಕೊಂಡ.

"ಬಿಡಪ್ಪಾ, ಹೊರಗೆ ಅವಳನ್ನ ಒಯ್ಯೋ ಗಾಡಿ ಬಂದು ನಿಂತಿದೆ. ಇನ್ನು ಇದನ್ನ ಯಾರು ನೋಡ್ತಾರೆ?"

"ಸಡಿಲ ಬಟ್ಟೆ ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ. ಎರಡೇ ನಿಮಿಷ, ತೊಡಿಸಿ ಕಳಿಸೋಣ."

ಲಾರಿ ಓಡಿಸುವ ಅಣ್ಣ ಕೈ ಬಿಟ್ಟ. ಕಾಯಿಲೆ ಅವನ ತಂಗಿಯನ್ನು ಅರ್ಧ ಮಾಡಿಹಾಕಿತ್ತು. ಹೇಳಿ ಮಾಡಿಸಿದಂತಿದ್ದ ನೀಲಿ ಕೋಟಿನೊಳಗೆ ಈಗ ಇನ್ನೊಬ್ಬಳು ಹಿಡಿಸುವಷ್ಟು ಜಾಗವಿತ್ತು. ಮಿಷನ್ ಗಡಗಡ ಓಡಿ ನಿಂತಿತು. ಕತ್ತರಿಸಿದ ನೀಲಿ ಪಟ್ಟಿಗಳು ಮೇಜಿನ ಮೇಲೆಯೇ ಉಳಿದವು.

ನಡುಮನೆಯಲ್ಲಿ ಜನ ಕೂತಿದ್ದರು. ಸುಮ್ಮನಿರಲಾಗದೆ ಅಣ್ಣ ಪಕ್ಕದ ಮನೆಯ ಅಜ್ಜಿಗೆ ಹಳೆಯ ಕತೆ ತೆಗೆದ. "ಚಿಕ್ಕವಳಿದ್ದಾಗ ನೀರಿನ ತೊಟ್ಟಿಗೆ ಬಿದ್ದಿದ್ಲು. ಎತ್ತಿ ಹಾಕಿದ್ರೆ ಮೊದಲು ಕೇಳಿದ್ದೇನು ಗೊತ್ತಾ, ನನ್ನ ಚಪ್ಪಲಿ ಎಲ್ಲಿ ಅಂತ..." ಎಂದವನು ತಟ್ಟನೆ ನಿಲ್ಲಿಸಿದ. ಕತೆ ಇಲ್ಲಿಗೆ ಬಂದಾಗಲೆಲ್ಲ ಅವಳು ಬೆರಳೆತ್ತಿ, "ಅಣ್ಣಾ, ಇದು ರಿಪೀಟು! ನಾನು ಮೊದಲನೇದು ಮಾತ್ರ ಲೆಕ್ಕಕ್ಕೆ ತಗೊಳ್ಳೋದು" ಎನ್ನುತ್ತಿದ್ದಳು. ಬೆರಳು ಏಳಲಿಲ್ಲ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಬಿಕ್ಕಿದ.

*

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಯಾವ ರೋಗಿಯ ಕ್ರಿಮಿ ಯಾವ ಆಂಟಿಬಯಾಟಿಕ್‌ಗೆ ಬಗ್ಗಿತು, ಯಾವುದಕ್ಕೆ ಬಗ್ಗಲಿಲ್ಲ ಎಂಬ ಪರೀಕ್ಷೆಯ ಫಲಿತಾಂಶಗಳು ಅವಳ ಕಂಪ್ಯೂಟರಿಗೆ ಸಾಲುಸಾಲಾಗಿ ಬಂದು ಬೀಳುತ್ತಿದ್ದವು. ತಾನೇ ಬರೆದ ಪ್ರೋಗ್ರಾಮಿನಲ್ಲಿ ಅವನ್ನು ಸೋಸಿ ವರ್ಷಕ್ಕೊಮ್ಮೆ ಒಂದು ಕೋಷ್ಟಕ ತೆಗೆಯುತ್ತಿದ್ದಳು. ಹೊಸ ರೋಗಿ ಬಂದಾಗ ಮೊದಲು ಯಾವ ಔಷಧ ಕೊಡಬೇಕೆಂದು ಡಾಕ್ಟರುಗಳು ನೋಡುತ್ತಿದ್ದುದು ಅದನ್ನೇ.

ಸಂಜೆ ಗಂಡ ಬಟ್ಟೆ ಕತ್ತರಿಸುವ ಮೇಜಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು.

"ಇವತ್ತು ಎಷ್ಟು ಜನರನ್ನ ಅಳಿಸಿದೆ, ಜರಡಿ?" ಎಂದು ಅವನು ಕೆಣಕುತ್ತಿದ್ದ.

"ಅಳಿಸೋದಲ್ಲ ಕಣ್ರೀ, ಪಕ್ಕಕ್ಕಿಡೋದು. ಒಬ್ಬರ ಮೈಯಲ್ಲಿ ಅದೇ ಕ್ರಿಮಿ ವರ್ಷದಲ್ಲಿ ಎಷ್ಟು ಸಲ ಸಿಕ್ಕಿದ್ರೂ ಮೊದಲನೇದು ಮಾತ್ರ ಲೆಕ್ಕ. ಜ್ವರ ಬಿಡದೆ ಮಲಗಿದವರಿಂದ ಮತ್ತೆಮತ್ತೆ ಸ್ಯಾಂಪಲ್ ತಗೋತಾರಲ್ಲ, ಅದನ್ನೆಲ್ಲ ಸೇರಿಸಿದ್ರೆ ಒಬ್ಬರ ಗೋಳು ಊರಿಗೆಲ್ಲ ಬಂದ ಗೋಳಾಗಿ ಕಾಣುತ್ತೆ. ಡಾಕ್ಟರು ಹೆದರಿ ಎಲ್ಲರಿಗೂ ದೊಡ್ಡ ಔಷಧಾನೇ ಕೊಡ್ತಾರೆ. ಕ್ರಿಮಿ ಅದಕ್ಕೂ ಪಳಗಿಬಿಟ್ರೆ ಆಮೇಲೆ ಕೊಡೋಕೆ ಏನಿರುತ್ತೆ?"

"ಪಾಪ, ಆ ಮಲಗಿದವರ ಗತಿ?"

ಅವಳು ಕೀಲಿಗಳ ಮೇಲಿಂದ ಕೈ ತೆಗೆದಳು. "ಅವರದ್ದೂ ಒಂದು ಸಾಲು ಇರುತ್ತೆ" ಎಂದಳು.

*

ಮಣ್ಣು ಮಾಡಿ ಬಂದ ಮೇಲೆ ಅವಳ ಲ್ಯಾಬಿನ ಗೆಳತಿ ಹೋಗಲೂ ಆಗದೆ ಇರಲೂ ಆಗದೆ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲವಿತ್ತು.

"ಈ ವರ್ಷದ ಕೋಷ್ಟಕ ಇವತ್ತೇ ಹೋಗ್ಬೇಕು. ನಿಮಗೆ ಹೇಳದೆ ಅವಳ ಪ್ರೋಗ್ರಾಮ್ ಓಡಿಸೋಕೆ ಮನಸ್ಸು ಬರ್ಲಿಲ್ಲ."

"ಅವಳ ಸ್ಯಾಂಪಲ್ಲೂ ಇದೆಯಾ ಅದ್ರಲ್ಲಿ?"

"ಇದೆ."

"ಅವಳಿಗೆ ಕೊಟ್ಟ ಔಷಧ ಅವಳನ್ನ ಕೈಬಿಟ್ಟಿದ್ದು ಕಾಣುತ್ತಾ?"

ಗೆಳತಿ ತಲೆ ತಗ್ಗಿಸಿದಳು. "ಇಲ್ಲ. ಮೊದಲನೇ ಸ್ಯಾಂಪಲ್‌ನಲ್ಲಿ ಬಗ್ಗುತ್ತೆ ಅಂತಲೇ ಬಂದಿತ್ತು. ಆಮೇಲಿನವು ಯಾವುವೂ ಬಗ್ಗಲಿಲ್ಲ. ಅವಳದೇ ಫಿಲ್ಟರ್ ಅವನ್ನೆಲ್ಲ ತೆಗೆದುಬಿಡುತ್ತೆ."

ಅಷ್ಟು ದಿನ ಮೈ ಸುಟ್ಟುಕೊಂಡು ಮಲಗಿದವಳ ಮೇಲೆ ಔಷಧ ಕೆಲಸ ಮಾಡಿತೆಂದು ನಾಳೆ ಡಾಕ್ಟರುಗಳು ಓದಿಕೊಳ್ಳುತ್ತಾರೆ! "ಹಾಗಾದ್ರೆ ಅವಳು ಸತ್ತಿದ್ದು ಲೆಕ್ಕಕ್ಕೇ ಇಲ್ವಾ?" ಎಂದು ಟೈಲರ್ ಕೂಗಿಬಿಟ್ಟ.

"ಅವಳ ರೋಗಿ ನಂಬರ್ ಒಂದನ್ನ ಮಾತ್ರ ಫಿಲ್ಟರ್‌ಗೆ ಸಿಗದ ಹಾಗೆ ಮಾಡ್ಬಹುದು" ಎಂದಳು ಗೆಳತಿ ಸಣ್ಣ ದನಿಯಲ್ಲಿ. "ಅವಳ ಸ್ಯಾಂಪಲ್‌ಗಳೆಲ್ಲ ಉಳೀತವೆ. ಯಾರಿಗೂ ಗೊತ್ತಾಗಲ್ಲ. ನೀವು ಹೂಂ ಅಂದ್ರೆ ಸಾಕು."

ಹೂಂ ಎಂಬುದು ಅವನ ನಾಲಿಗೆಯ ತುದಿಗೆ ಬಂದಿತ್ತು. "ಮೊದಲು ತೋರಿಸಿ" ಎಂದ.

ಪರದೆಯ ಮೇಲೆ ಅವಳ ಸಾಲುಗಳು ಒಂದರ ಕೆಳಗೊಂದು ನಿಂತವು. ತಾರೀಕುಗಳನ್ನು ಅವನು ಗುರುತು ಹಿಡಿದ. ಇದು ಊಟ ಸೇರದೆ ಹೋದ ದಿನ. ಇದು ಅವನ ಕೈಯನ್ನು ಹಿಡಿದುಕೊಂಡು, ನೀವು ಯಾರು ಎಂದು ಕೇಳಿದ ದಿನ. ಅವನ ಕಣ್ಣು ಮೆಲ್ಲಗೆ ಮೇಲಿನ ಮೊದಲ ಸಾಲಿಗೆ ಹತ್ತಿತು.

*

ಆ ದಿನ, ಜ್ವರದ ರಜೆಯಲ್ಲಿದ್ದ ಅವಳು ಫಲಿತಾಂಶ ನೋಡಲು ಹೋಗಿ ಲ್ಯಾಬಿನಿಂದಲೇ ಫೋನ್ ಮಾಡಿದ್ದಳು. "ರೀ, ಬಗ್ಗುತ್ತಂತೆ! ನನ್ನ ಕ್ರಿಮಿ ಒಳ್ಳೇ ಮನೆತನದ್ದು, ಹೇಳಿದ ಮಾತು ಕೇಳುತ್ತೆ. ಸೋಮವಾರಕ್ಕೆ ನೀಲಿ ಕೋಟು ಇಸ್ತ್ರಿ ಮಾಡಿಡಿ." ಮನೆಗೆ ಬಂದು ಎರಡೆರಡು ಸಲ ಬಡಿಸಿಕೊಂಡು ಉಂಡಳು. ಕೋಟಿನ ಜೇಬು ಸೊಟ್ಟಗಿದೆ ಎಂದು ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಸೋಮವಾರ ಅದನ್ನೇ ತೊಟ್ಟು ಕೆಲಸಕ್ಕೆ ಹೋದಳು. ಜ್ವರ ಮರಳಿದ್ದು ಅದರ ಮರುದಿನ.

*

ಒಳಗೆ ಅಣ್ಣ ಯಾರೋ ಹೊಸದಾಗಿ ಬಂದವರಿಗೆ ತೊಟ್ಟಿಯ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದ. ಈ ಸಲ ಕೊನೆಯವರೆಗೂ ಹೇಳಿ ಮುಗಿಸಿದ.

"ತನ್ನ ನಂಬರ್‌ಗೊಂದು ಬೇರೆ ಲೆಕ್ಕ ಅಂದ್ರೆ ಅವಳು ಒಪ್ತಿರ್ಲಿಲ್ಲ" ಎಂದ ಟೈಲರ್. "ಅವಳು ಬರೆದ ಹಾಗೇ ಓಡಿಸಿ."

ಗೆಳತಿ ಕೀಲಿ ಒತ್ತಿದಳು. ಸಾಲುಗಳು ಹೋಗಿ ಮೇಲಿನದೊಂದೇ ಉಳಿಯಿತು: ತಾರೀಕು, ಕ್ರಿಮಿಯ ಹೆಸರು, ಔಷಧದ ಹೆಸರು, ಬಗ್ಗುತ್ತದೆ.

"ಮಿಕ್ಕವು?"

"ಮೂಲ ಫೈಲಿನಲ್ಲಿವೆ. ಎಲ್ಲೂ ಹೋಗಿಲ್ಲ" ಎಂದವಳು ಕಣ್ಣೊರೆಸಿಕೊಂಡಳು.

ಗೆಳತಿ ಹೋದ ಮೇಲೆ ಅಣ್ಣ ಪೊರಕೆ ಹಿಡಿದು ಬಂದು ಕೋಣೆ ಗುಡಿಸತೊಡಗಿದ. ಮೇಜಿನ ಮೇಲಿದ್ದ ನೀಲಿ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಲು ಎತ್ತಿಕೊಂಡ. ಟೈಲರ್ ಅವನ್ನು ಅವನ ಕೈಯಿಂದ ತೆಗೆದುಕೊಂಡು, ಅಂಗೈಯಿಂದ ನಿರಿಗೆ ಸವರಿ, ಮಡಿಸಿ, ಪಕ್ಕಕ್ಕಿಟ್ಟ.