ಹದಿನೇಳು ಎಚ್ಚರಿಕೆ ಪತ್ರಗಳು

ಅರ್ಜಿಯ ಒಂಬತ್ತನೇ ಕಾಲಂ ಓದಿದಾಗಲೇ ಕುಲದವರ ಪರವಾಗಿ ಅದನ್ನು ತುಂಬುತ್ತಿದ್ದ ಟೈಪಿಸ್ಟ್ ಹುಡುಗಿ ಪೆನ್ನು ಕೆಳಗಿಟ್ಟಿದ್ದಳು. ‘ಸದರಿ ಗುಡ್ಡವನ್ನು ನೋಡಿಕೊಂಡ ಅನುಭವ: ಕನಿಷ್ಠ ಹತ್ತು ವರ್ಷ. ದಾಖಲೆ ಲಗತ್ತಿಸಿ.’

ಅಲ್ಲ ಸ್ವಾಮಿ, ಆ ಗುಡ್ಡ ಅವಳ ಮುತ್ತಜ್ಜಿಯ ಮುತ್ತಜ್ಜಿಯ ಕಾಲದಿಂದಲೂ ಅವರ ಕುಲದ್ದು! ನಲವತ್ತು ವರ್ಷದ ಹಿಂದೆ ಅರಣ್ಯ ಇಲಾಖೆಯವರು ಸಂರಕ್ಷಣೆ ಅಂತ ಹೇಳಿ ಬೇಲಿ ಹಾಕಿ ಇವರನ್ನೆಲ್ಲ ಹೊರಗಟ್ಟಿದರು. ಈಗ ಬುದ್ಧಿ ಬಂದಿದೆ, ಗುಡ್ಡವನ್ನು ಮೂಲದವರಿಗೇ ಒಪ್ಪಿಸುತ್ತಾರಂತೆ. ಸಂತೋಷ. ಒಳಗೇ ಬಿಡದೆ ಅನುಭವ ಎಲ್ಲಿ ಎಂದು ಕೇಳಿದರೆ ಎಲ್ಲಿಂದ ತರೋದು? ಇವತ್ತೇ ಕೊನೇ ದಿನ ಬೇರೆ.

“ಒಂಬತ್ತನೇದು ಖಾಲಿ ಬಿಟ್ಟಿದೀಯಲ್ಲಮ್ಮ,” ಎಂದರು ಇಲಾಖೆಯ ಆಫೀಸಿನಲ್ಲಿ ಅರ್ಜಿ ನೋಡುತ್ತಿದ್ದ ಸಾಹೇಬರು, ಕನ್ನಡಕ ಮೇಲೇರಿಸುತ್ತ. “ಖಾಲಿ ಇದ್ರೆ ನಾನು ಸಹಿ ಹಾಕೋ ಹಾಗಿಲ್ಲ.”

“ಅನುಭವ ತಾನೇ? ಬೇಕಾದಷ್ಟಿದೆ,” ಎಂದಳು ಪಕ್ಕದಲ್ಲಿ ಕೂತಿದ್ದ ಅತ್ತೆ.

ಹುಡುಗಿ ಮೇಜಿನಡಿ ಅತ್ತೆಯ ಕಾಲು ತುಳಿದಳು. ಊರಿಗೆಲ್ಲ ಗೊತ್ತಿದ್ದ ಗುಟ್ಟದು: ಅತ್ತೆ ವರ್ಷವರ್ಷವೂ ಬೇಲಿ ನುಸುಳಿ ಗುಡ್ಡಕ್ಕೆ ಹೋಗುತ್ತಿದ್ದಳು. ಬಾಯಿಬಿಟ್ಟರೆ ಅತಿಕ್ರಮಣ, ಅರ್ಜಿ ಸೀದಾ ಕಸದಬುಟ್ಟಿಗೆ.

“ಯಾಕೇ ಕಾಲು ತುಳೀತೀಯ?” ಅತ್ತೆ ಇಡೀ ಆಫೀಸಿಗೆ ಕೇಳುವಂತೆ ಕೇಳಿದಳು. ಆಮೇಲೆ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು ತೆಗೆದು ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ಎಲ್ಲವೂ ಇಲಾಖೆಯ ಎಚ್ಚರಿಕೆ ಪತ್ರಗಳು! ಮುಗೀತು ಕಥೆ ಅಂದುಕೊಂಡು ಹುಡುಗಿ ಕಣ್ಣು ಮುಚ್ಚಿದಳು.

ಸಾಹೇಬರು ಗಟ್ಟಿಯಾಗಿ ಓದತೊಡಗಿದರು. “‘ಈಕೆಯು ಬೇಲಿಯೊಳಗೆ ನುಗ್ಗಿ ಒರತೆಯ ಹೂಳು ತೆಗೆಯುತ್ತಿದ್ದಾಗ ಸಿಕ್ಕಿಬಿದ್ದಿರುತ್ತಾಳೆ.’ ಇದು... ‘ಬೆಂಕಿ ಹರಡದಂತೆ ಒಣಹುಲ್ಲು ಸವರುತ್ತಿದ್ದಾಗ.’ ‘ಮರಕ್ಕೆ ಸುತ್ತಿದ ಕಳೆಬಳ್ಳಿ ಕೀಳುತ್ತಿದ್ದಾಗ. ಹೊರಗೆ ಕಳಿಸಿದರೂ ಮಧ್ಯಾಹ್ನ ಮತ್ತೆ ಬಂದಿರುತ್ತಾಳೆ.’”

ವರ್ಷಕ್ಕೊಂದರಂತೆ ಹದಿನೇಳು. ತಾರೀಕು, ಮೊಹರು, ಸಹಿ ಎಲ್ಲ ಚೊಕ್ಕ. ಸಾಹೇಬರು ಸಹಿಯನ್ನು ದಿಟ್ಟಿಸಿದರು. ಅವರದ್ದೇ! ಗುಡ್ಡದ ಕಾವಲಿಗಿದ್ದ ಕಾಲದ್ದು.

“ಅಯ್ಯಯ್ಯೋ, ಅದು ನೀವೇನಾ!” ಎಷ್ಟೋ ವರ್ಷಗಳ ಮೇಲೆ ಅತ್ತೆಯ ಗುರುತು ಹಿಡಿದು ಸಾಹೇಬರು ಕೂಗಿದರು.

“ನಾನೇ. ನೀವು ವರ್ಗ ಆಗಿ ಹೋದ್ಮೇಲೆ ಬಂದವನು ಮಹಾ ಸೋಮಾರಿ ಸಾಹೇಬ್ರೇ, ಒಂದ್ಸಲನೂ ಹಿಡೀಲಿಲ್ಲ.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಹುಡುಗಿಗೂ ಅಷ್ಟೇ, ನಕ್ಕು ನಕ್ಕು ಕಣ್ಣಲ್ಲಿ ನೀರು. ಒಂಬತ್ತನೇ ಕಾಲಮಿನಲ್ಲಿ ಸಾಹೇಬರೇ ಕೈಯಾರೆ ಬರೆದರು: ‘ಹದಿನೇಳು ವರ್ಷ. ದಾಖಲೆ ಇಲಾಖೆಯದೇ.’ ಠಪ್ಪೆಂದು ಮೊಹರು ಬಿತ್ತು. ಹುಡುಗಿ ಅತ್ತೆಯನ್ನು ಅಪ್ಪಿಕೊಂಡು ಗಿರಗಿರ ತಿರುಗಿಸಿದಳು, ಕುರ್ಚಿಯೊಂದು ಉರುಳಿಬಿತ್ತು, ಯಾರೂ ಎತ್ತಲಿಲ್ಲ.

ವಾರದ ನಂತರ ಗೇಟು ತೆರೆಯಿತು. ಮುದುಕರು ಮಕ್ಕಳೆನ್ನದೆ ಕುಲವೆಲ್ಲ ಹೋ ಎನ್ನುತ್ತ ಒಳಗೆ ಓಡಿತು. ಬೀಗ ತೆಗೆದ ಸಾಹೇಬರು ಮಾತ್ರ ಹೊರಗೇ ನಿಂತಿದ್ದರು.

“ನಾನೂ ಒಳಗೆ ಬರಬಹುದೇನಮ್ಮ?”

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹದಿನೇಳು ಸಲ ಹೊರಗೆ ಕಳಿಸಿದ್ದ ಮನುಷ್ಯ. ಹೆಗಲ ಮೇಲಿದ್ದ ಗುದ್ದಲಿ ಇಳಿಸಿ ಅವರ ಕೈಗಿಟ್ಟಳು.

“ಬನ್ನಿ. ಒರತೇಲಿ ಹೂಳು ತುಂಬಿದೆ.”