ಸಾಹುಕಾರನಿಗೆ ಹಿತ್ತಿಲ ಬಾಗಿಲು

ವರ್ಲಿನ್ ಕುಬಿಚೆಕ್ ನಮ್ಮ ನೆಬ್ರಾಸ್ಕಾದ ಕರೆಂಟ್ ಲೈನ್‌ಮನ್. ಐವತ್ತರ ಹತ್ತಿರದ ಒಂಟಿ ಮನುಷ್ಯ. ಬೇರೆ ಯಾವುದರಲ್ಲೂ ಶಿಸ್ತಿಲ್ಲದಿದ್ದರೂ ಪ್ರತಿ ಜನವರಿಯಲ್ಲಿ ರಾಥ್ ಎಂಬ ನಿವೃತ್ತಿ ಖಾತೆಗೆ ತಪ್ಪದೆ ದುಡ್ಡು ಕಟ್ಟುತ್ತಿದ್ದ. ಅದರಲ್ಲಿ ಬೆಳೆದ ಹಣಕ್ಕೆ ಮುಪ್ಪಿನಲ್ಲಿ ತೆರಿಗೆಯಿಲ್ಲ.

ಆ ವರ್ಷ ಮಂಜಿನ ಬಿರುಗಾಳಿ ಮೂರು ಸಲ ಬಂದು ಕಂಬಗಳನ್ನೆಲ್ಲ ಮುರಿಯಿತು. ದಿನಕ್ಕೆ ಹದಿನಾರು ಗಂಟೆ ಕಂಬದ ಮೇಲಿದ್ದ ವರ್ಲಿನ್‌ಗೆ ಓವರ್‌ಟೈಮ್ ಧಾರಾಳವಾಗಿ ಸಿಕ್ಕಿತು. ಎಡಗೈಯ ಎರಡು ಬೆರಳಿಗೆ ಹಿಡಿದ ಜೋಮು ಮಾತ್ರ ಬಿಡಲಿಲ್ಲ.

ಮುಂದಿನ ವರ್ಷದ ಮಾರ್ಚಿನಲ್ಲಿ, ಊರವರ ತೆರಿಗೆ ಲೆಕ್ಕ ಬರೆಯುವ ಒಡೆಟ್ ಹ್ಯಾಸ್ಕೆಲ್ ಅವನ ಕಾಗದಗಳನ್ನು ಎರಡು ಸಲ ನೋಡಿದಳು.

"ನಿಮ್ಮ ಸಂಪಾದನೆ ರಾಥ್‌ನ ಮಿತಿ ದಾಟಿದೆ, ವರ್ಲಿನ್. ಹೋದ ವರ್ಷಕ್ಕೆ ಕಟ್ಟಿದ್ದನ್ನ ಲಾಭದ ಸಮೇತ ವಾಪಸ್ ತೆಗೀಬೇಕು. ಈ ಖಾತೆ ದುಡ್ಡಿರೋರಿಗಲ್ಲ."

"ದುಡ್ಡಿರೋರು ಯಾರು, ನಾನಾ?" ಎಂದ ವರ್ಲಿನ್, ತೇಪೆ ಹಾಕಿದ ತನ್ನ ಬೂಟು ನೋಡಿಕೊಂಡು.

ಅವಳು ಇನ್ನೊಂದು ದಾರಿ ಹೇಳಿದಳು. ಸಾಮಾನ್ಯ ನಿವೃತ್ತಿ ಖಾತೆಗೆ ಕಟ್ಟಲು ಸಂಪಾದನೆಯ ಮಿತಿಯಿಲ್ಲ. ಇವತ್ತು ಅದಕ್ಕೆ ಕಟ್ಟಿ, ನಾಳೆ ಅದನ್ನೇ ರಾಥ್‌ಗೆ ಬದಲಾಯಿಸಿದರಾಯಿತು. ಅದು ಕಾನೂನುಬದ್ಧವೇ, ಡಾಕ್ಟರು ವಕೀಲರೆಲ್ಲ ಮಾಡುವುದು ಹಾಗೆಯೇ, ಹಿತ್ತಿಲ ಬಾಗಿಲು ಎಂದೇ ಅದರ ಹೆಸರು ಎಂದಳು.

"ಹಾಗಾದ್ರೆ ಮುಂಬಾಗಿಲು ಯಾಕೆ ಮುಚ್ಚಿದಾರೆ?"

ಅದಕ್ಕೆ ಉತ್ತರ ತನ್ನ ಫೀಸಿನಲ್ಲಿ ಸೇರಿಲ್ಲ ಎಂದಳು ಒಡೆಟ್.

ಭಾನುವಾರ ತಾಯಿ ಲೋರ್ನಾಳ ಮನೆಯಲ್ಲಿ ಹಂದಿಮಾಂಸ, ಹುಳಿ ಎಲೆಕೋಸು ತಿನ್ನುತ್ತ ಅವನು ಇದನ್ನೆಲ್ಲ ಹೇಳಿದ. ಹಿತ್ತಿಲ ಬಾಗಿಲೆಂದರೆ ತನಗೆ ಅಷ್ಟು ಸರಿ ಕಾಣುತ್ತಿಲ್ಲ ಎಂದೂ ಹೇಳಿದ. ಮುದುಕಿ ಚಮಚ ಕೆಳಗಿಟ್ಟಳು.

"ಡಾಕ್ಟರುಗಳ ಮನೆ ಕಸ ಗುಡಿಸೋಕೆ ಮೂವತ್ತು ವರ್ಷ ನಾನು ಹಿತ್ತಿಲಿಂದಲೇ ಹೋದೆ. ಈಗ ಅವರೂ ಹಿತ್ತಿಲಿಂದಲೇ ಓಡಾಡೋ ಹಾಗಾಯ್ತಾ? ಹೋಗೋ ಮಗಾ, ನೀನೂ ಹೋಗು. ಕಾಲೊರೆಸ್ಕೊಂಡು ಹೋಗು."

ಅವನು ಹೋದ. ಎರಡು ಸಹಿ ಹಾಕಿದ ಮೇಲೆ, ರಾಥ್‌ನಿಂದ ಹೊರಗೆ ತೆಗೆದ ಅದೇ ದುಡ್ಡು ಮತ್ತೆ ಅದೇ ಖಾತೆಗೆ ಹೋಗಿ ಕೂತಿತು.

ಲೋರ್ನಾ ಮಾತ್ರ ಸುಮ್ಮನಿರಲಿಲ್ಲ. ಇಷ್ಟು ವರ್ಷ ಸಂಪಾದನೆ ಸಾಲದು ಎಂದು ಬ್ಯಾಂಕಿನವರು, ಬಾಡಿಗೆ ಮನೆಗಳ ಮಾಲೀಕರು ಎಲ್ಲರೂ ತಾಯಿ-ಮಗನನ್ನು ವಾಪಸ್ ಕಳಿಸಿದ್ದರು. ಜಾಸ್ತಿಯಾಯಿತೆಂದು ಕಳಿಸಿದ್ದು ಇದೇ ಮೊದಲು. ನನ್ನ ಮಗ ತೀರಾ ಸಾಹುಕಾರ ಅಂತ ಸರ್ಕಾರವೇ ಹೇಳಿದೆ ಎಂದು ಚರ್ಚಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ವಾರದೊಳಗೆ ಚರ್ಚಿನ ಖಜಾಂಚಿ, ಸೋರುವ ಚಾವಣಿಯ ರಿಪೇರಿಗೆ ಚಂದಾ ಕೇಳುತ್ತ ವರ್ಲಿನ್‌ನ ಮನೆಗೆ ಬಂದ. ಓವರ್‌ಟೈಮಿನ ದುಡ್ಡು ತೆರಿಗೆಗೂ ಖಾತೆಗೂ ಹೋಗಿ, ಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಆದ್ದರಿಂದ ವರ್ಲಿನ್ ಎರಡು ಶನಿವಾರ ತಾನೇ ಮೇಲೆ ಹತ್ತಿ ಚಾವಣಿ ರಿಪೇರಿ ಮಾಡಿದ. ಖಜಾಂಚಿ ಕೆಳಗೆ ಏಣಿ ಹಿಡಿದು ನಿಂತಿದ್ದ.

"ನಿಮ್ಮಂಥ ಅನುಕೂಲಸ್ಥರು ಇಷ್ಟೊಂದು ಕಷ್ಟಪಡಬಾರದು," ಎಂದ, ನಿಜವಾದ ಮರುಕದಿಂದ.